ಅಪರೂಪಕ್ಕೊಂದು ಸಿಗರೇಟು

ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಧೂಮಪಾನಿಗಳು ಎರಡು ಬಗೆ. ತಾವು ಧೂಮಪಾನಿಗಳೆಂದು ಒಪ್ಪಿಕೊಳ್ಳುವವರು ಒಂದು ಬಗೆ. ಒಪ್ಪಿಕೊಳ್ಳದವರು ಇನ್ನೊಂದು ಬಗೆ. ಪರೀಕ್ಷೆಯ ಹಿಂದಿನ ರಾತ್ರಿ ಒಂದು, ಗೆಳೆಯನ ಅಣ್ಣನ ಮದುವೆಯಲ್ಲಿ ಒಂದು, ಮಳೆ ಹಿಡಿದ ಸಂಜೆ ಚಹದಂಗಡಿಯಲ್ಲಿ ಮತ್ತೊಬ್ಬನ ಕೈಯಿಂದ ಪಡೆದ ಅರ್ಧ, ಇಷ್ಟೇ ಈ ಎರಡನೆಯವರ ಲೆಕ್ಕ. “ನಾನೇನು ಸೇದುವವನಲ್ಲಪ್ಪ, ಎಂದಾದರೊಮ್ಮೆ ಅಷ್ಟೆ” ಎಂಬುದು ಅವರ ಮಾತು. ಈ ಲೇಖಕನೂ ಎರಡು ವರ್ಷಕಾಲ ಆ ಪಂಗಡದಲ್ಲಿಯೇ ಇದ್ದವನು. ಆದುದರಿಂದ ಇದು ಉಪದೇಶವಲ್ಲ, ವಿಚಾರಣೆ.

ಪ್ರಶ್ನೆ ಸರಳವಾದುದು. ದಿನಕ್ಕೆ ಇಪ್ಪತ್ತು ಸೇದುವವನಿಗೆ ಆಗುವ ಕೆಡುಕನ್ನು ನೂರು ಪಾಲೆಂದು ಇಟ್ಟುಕೊಂಡರೆ, ಒಂದು ಸೇದುವವನಿಗೆ ಐದು ಪಾಲು ಮಾತ್ರ ತಾನೆ? ಗಣಿತ ಹಾಗೆಯೇ ಹೇಳುತ್ತದೆ. ಆದರೆ ನಮ್ಮ ಶರೀರಕ್ಕೆ ಈ ಗಣಿತ ತಿಳಿದಿಲ್ಲ.

ಹೊಗೆಸೊಪ್ಪಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು 1950ರಲ್ಲಿ ತೋರಿಸಿಕೊಟ್ಟರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್‌ರವರ ವರದಿ ಅದನ್ನು ಲೋಕಕ್ಕೆಲ್ಲ ಸಾರಿತು. ಆ ಕಾಲದ ಗಮನವೆಲ್ಲ ಹೆಚ್ಚಾಗಿ ಸೇದುವವರ ಮೇಲಿತ್ತು. ಕಡಮೆ ಸೇದುವವರ ಗತಿ ಏನೆಂಬುದು ಸ್ಪಷ್ಟವಾದುದು ಈಚೆಗೆ.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ, 141 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಲೇಖನ ಪ್ರಕಟವಾಯಿತು. ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವನ ಹೃದಯಕ್ಕೆ ಎಷ್ಟು ಹೆಚ್ಚಿನ ಅಪಾಯವಿದೆಯೋ, ದಿನಕ್ಕೆ ಒಂದೇ ಒಂದನ್ನು ಸೇದುವವನಿಗೆ ಅದರ ಐದು ಪಾಲಲ್ಲ, ಹೆಚ್ಚುಕಡಮೆ ಅರ್ಧದಷ್ಟು ಇದೆಯೆಂದು ಅದರಿಂದ ತಿಳಿದುಬಂದಿತು. ಅದಕ್ಕೂ ಮುಂಚೆ, 2005ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನವೊಂದು ದಿನಕ್ಕೆ ಒಂದರಿಂದ ನಾಲ್ಕು ಸೇದುವವರನ್ನು ಹಲವು ದಶಕಗಳ ಕಾಲ ಗಮನಿಸಿತ್ತು. ಹೃದಯದ ರಕ್ತನಾಳಗಳ ರೋಗದಿಂದ ಅವರು ಸಾಯುವ ಸಂಭವ, ಎಂದೂ ಸೇದದವರಿಗಿಂತ ಸುಮಾರು ಮೂರರಷ್ಟಿತ್ತು.

ಇದು ಹೇಗೆ ಸಾಧ್ಯ? ನಮ್ಮ ಅಡಿಗೆಮನೆಯ ಅನುಭವವನ್ನೇ ನೆನೆಯೋಣ. ಒಂದು ಪಾತ್ರೆ ಹಾಲು ಮೊಸರಾಗಲು ಒಂದು ಪಾತ್ರೆ ಮೊಸರು ಬೇಕಾಗುವುದಿಲ್ಲ. ಒಂದು ಚಮಚ ಹೆಪ್ಪು ಸಾಕು. ರಕ್ತ ಹೆಪ್ಪುಗಟ್ಟುವ ಬಗೆ ಬೇರೆಯಾದರೂ, ಅಲ್ಪವು ಅಲ್ಪವಾಗಿ ಉಳಿಯದೆಂಬ ಮಾತು ಅಲ್ಲಿಗೂ ಸಲ್ಲುತ್ತದೆ. ರಕ್ತದಲ್ಲಿ ತಟ್ಟೆಕಣಗಳೆಂಬ ಅತಿ ಸಣ್ಣ ಕಣಗಳಿವೆ. ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ನಿಲ್ಲಿಸುವುದು ಅವುಗಳ ಕೆಲಸ. ಹೊಗೆ ಸ್ವಲ್ಪ ಸೋಕಿದರೂ ಅವು ಗಾಯವಿಲ್ಲದೆಯೇ ಅಂಟಿಕೊಳ್ಳಲು ಸಿದ್ಧವಾಗುತ್ತವೆ. ರಕ್ತನಾಳಗಳ ಒಳಪದರ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿ, ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ನಿಕೋಟಿನ್ ಹೃದಯದ ಬಡಿತವನ್ನು ಏರಿಸುತ್ತದೆ. ಹೀಗೆ ಹೃದಯಕ್ಕೆ ಕೆಲಸ ಹೆಚ್ಚುತ್ತದೆ, ಆಹಾರ ಕಡಮೆಯಾಗುತ್ತದೆ. ಈ ಪರಿಣಾಮಗಳು ಮೊದಲ ಕೆಲವು ಸಿಗರೇಟುಗಳಲ್ಲಿಯೇ ಬಹುಪಾಲು ಆಗಿಬಿಡುತ್ತವೆ. ಉಳಿದವು ಅದರ ಮೇಲೆ ಅಷ್ಟಿಷ್ಟನ್ನು ಕೂಡಿಸುತ್ತವೆ.

ಕ್ಯಾನ್ಸರಿನ ದಾರಿ ಬೇರೆ. ಅಲ್ಲಿ ಸೇದಿದ ಪ್ರಮಾಣಕ್ಕೂ ಸೇದಿದ ವರ್ಷಗಳಿಗೂ ತಕ್ಕಂತೆ ಅಪಾಯ ಏರುತ್ತದೆ. ಆದುದರಿಂದ ಕಡಮೆ ಸೇದುವವನಿಗೆ ಅಪಾಯ ಕಡಮೆಯೆಂಬುದು ನಿಜ. ಆದರೆ ಅದು ಸೊನ್ನೆಯಲ್ಲ. ಹೊಗೆಯಲ್ಲಿರುವ ಏಳು ಸಾವಿರಕ್ಕೂ ಹೆಚ್ಚಿನ ರಾಸಾಯನಿಕಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್‌ಕಾರಕಗಳು. ನಾರ್ವೆಯ ಅದೇ ಅಧ್ಯಯನದಲ್ಲಿ, ದಿನಕ್ಕೆ ಒಂದರಿಂದ ನಾಲ್ಕು ಸೇದುವ ಸ್ತ್ರೀಯರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಐದರಷ್ಟಿತ್ತು.

“ಇವೆಲ್ಲ ಪರದೇಶದ ಮಾತು” ಎಂದು ಯಾರಾದರೂ ಹೇಳಬಹುದು. ನಮ್ಮ ದೇಶದ ಲೆಕ್ಕವೂ ಇದೆ. ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಮನೆಗಳಲ್ಲಿ ವಿಚಾರಿಸಿ, ಪ್ರಭಾತ್ ಝಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಕ್ಕೆ ಏಳರೊಳಗೆ ಬೀಡಿ ಸೇದುವವರಲ್ಲಿಯೂ ಸಾವಿನ ಸಂಭವ ಕಾಲುಪಾಲು ಹೆಚ್ಚು. ಏಳರೊಳಗೆ ಸಿಗರೇಟು ಸೇದುವವರಲ್ಲಿ ಸುಮಾರು ಇಮ್ಮಡಿ. ನಮ್ಮಲ್ಲಿ ಧೂಮಪಾನಿಗಳನ್ನು ಕೊಲ್ಲುವುದು ಹೃದ್ರೋಗ, ಕ್ಯಾನ್ಸರುಗಳು ಮಾತ್ರವಲ್ಲ. ಕ್ಷಯವೂ ಅವರನ್ನು ಹುಡುಕಿಕೊಂಡು ಬರುತ್ತದೆ.

“ನಾನು ದಿನಕ್ಕೊಂದನ್ನೂ ಸೇದುವುದಿಲ್ಲವಲ್ಲ” ಎನ್ನುವ ಮಿತ್ರರಿಗೆ ಇನ್ನೊಂದು ಉತ್ತರವಿದೆ. ಅಮೆರಿಕದಲ್ಲಿ 2017ರ ವೇಳೆಗೆ ಮುಗಿದ ಅಧ್ಯಯನವೊಂದರಲ್ಲಿ, ಜೀವಮಾನವಿಡೀ ದಿನಕ್ಕೆ ಸರಾಸರಿ ಒಂದಕ್ಕಿಂತ ಕಡಮೆ ಸೇದಿದ ವೃದ್ಧರಲ್ಲಿಯೂ ಸಾವಿನ ಸಂಭವ ಎಂದೂ ಸೇದದವರಿಗಿಂತ ಶೇಕಡ 64ರಷ್ಟು ಹೆಚ್ಚಿತ್ತು. ಪ್ರತಿ ಊರಿನಲ್ಲಿಯೂ ಬೀಡಿ ಸೇದುತ್ತ ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದಾನೆ, ನಿಜ. ಆದರೆ ಜಗಲಿಯ ಮೇಲೆ ಕುಳಿತು ಕತೆ ಹೇಳುವವನು ಬದುಕಿ ಉಳಿದವನು. ಐವತ್ತಕ್ಕೇ ಹೋದ ಅವನ ಜೊತೆಗಾರರು ಸಾಕ್ಷಿ ಹೇಳಲು ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದು. ‘ಎಂದಾದರೊಮ್ಮೆ’ ಎಂಬುದು ಬಹುಮಂದಿಗೆ ಮನೆಯಲ್ಲ, ಮೆಟ್ಟಿಲು. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಮೆದುಳು ಆ ಸುಖವನ್ನು ಮರೆಯುವುದಿಲ್ಲ. ಒಮ್ಮೆ ಸೇದಿ ನೋಡಿದವರಲ್ಲಿ ಮೂವರಿಗೆ ಸುಮಾರು ಇಬ್ಬರು ಸ್ವಲ್ಪಕಾಲವಾದರೂ ದಿನವೂ ಸೇದುವವರಾದರೆಂದು 2018ರ ಮತ್ತೊಂದು ಸಮೀಕ್ಷೆ ಹೇಳುತ್ತದೆ. ನನ್ನ ಅನುಭವವೂ ಇದೇ. ಮೊದಲ ವರ್ಷ ತಿಂಗಳಿಗೊಂದಿದ್ದುದು ಎರಡನೆಯ ವರ್ಷ ಶನಿವಾರಕ್ಕೊಂದಾಯಿತು. ಪರೀಕ್ಷೆಯ ಕಾಲದಲ್ಲಿ ವಾರದ ಎಲ್ಲ ದಿನಗಳೂ ಶನಿವಾರವಾದವು! ಆಗಲೂ ನಾನು “ಸೇದುವವನಲ್ಲ” ಎಂದೇ ಹೇಳುತ್ತಿದ್ದೆ. ಒಂದು ದಿನ ಊರಿನಿಂದ ತಂದೆಯವರು ಬಂದರು. ಅಂಗಿಯನ್ನು ಬದಲಿಸಿ, ಬಾಯಿ ಮುಕ್ಕಳಿಸಿ ಅವರೆದುರು ಹೋಗಿ ನಿಂತಾಗ, ನಾನು ಯಾವ ಪಂಗಡದವನೆಂಬುದು ನನಗೆ ತಿಳಿಯಿತು.

ಸಂತೋಷದ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ಬಿಟ್ಟವನನ್ನು ಶರೀರವು ಬೇಗ ಕ್ಷಮಿಸುತ್ತದೆ. ಒಂದೆರಡು ದಿನಗಳಲ್ಲಿ ರಕ್ತದಿಂದ ವಿಷಾನಿಲ ತೊಲಗುತ್ತದೆ. ಒಂದು ವರ್ಷದ ಹೊತ್ತಿಗೆ ಹೃದ್ರೋಗದ ಹೆಚ್ಚಿನ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿ 2004ರಲ್ಲಿ ಡಾಲ್‌ರವರು ಪ್ರಕಟಿಸಿದ ಲೆಕ್ಕದಂತೆ, ಧೂಮಪಾನಿಯ ಆಯುಸ್ಸು ಸರಾಸರಿ ಹತ್ತು ವರ್ಷ ಕಡಮೆ. ಮೂವತ್ತರ ಹೊತ್ತಿಗೆ ಬಿಟ್ಟವನಿಗೆ ಆ ಹತ್ತೂ ವರ್ಷ ಬಹುಮಟ್ಟಿಗೆ ಮರಳಿ ಸಿಗುತ್ತವೆ. ಶಾಲಾ ಕಾಲೇಜುಗಳ ನೂರು ಗಜದೊಳಗೆ ಹೊಗೆಸೊಪ್ಪಿನ ಮಾರಾಟವನ್ನು 2003ರ ಕಾಯಿದೆ ನಿಷೇಧಿಸಿತು. ಕೊಳ್ಳುವ ವಯಸ್ಸನ್ನು ನಮ್ಮ ರಾಜ್ಯ 2025ರಲ್ಲಿ ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಕಾಯಿದೆ ಅಂಗಡಿಯ ತನಕ ಬರಬಲ್ಲುದು. ಗೆಳೆಯನು ಪ್ರೀತಿಯಿಂದ ಚಾಚಿದ ಅರ್ಧ ಸಿಗರೇಟಿಗೆ “ಬೇಡಪ್ಪ” ಎನ್ನುವ ಕೆಲಸ ಮಾತ್ರ ನಮ್ಮದೇ. ಎಂದಾದರೊಮ್ಮೆ ಸೇದುವವನಿಗೆ ಬಿಡುವುದು ಸುಲಭ. ಆ ಸುಲಭದ ಕಾಲ ಕಳೆದುಹೋಗುವ ಮುನ್ನ ಬಿಡುವುದು ಜಾಣತನ.