ಫಿಟ್ಸ್ ಬಂದರೆ ಕಬ್ಬಿಣ ಬೇಡ, ಲಕ್ವಾ ಹೊಡೆದರೆ ತಡ ಬೇಡ

ಅಮೀನಗಡದ ಸಂತೆಯಾಗಲಿ, ಬಸ್ ನಿಲ್ದಾಣವಾಗಲಿ, ಯಾರಾದರೂ ಮೂರ್ಛೆ ಬಂದು ಬಿದ್ದರೆ ಸಾಕು, ಜನ ಮುತ್ತಿಕೊಳ್ಳುತ್ತಾರೆ. 'ಕೈಯಾಗ ಕಬ್ಬಿಣ ಕೊಡ್ರೀ', 'ಉಳ್ಳಾಗಡ್ಡಿ ಮೂಸಸ್ರೀ' ಎಂಬ ಕೂಗು ಏಳುತ್ತದೆ. ಎರಡು ನಿಮಿಷದಲ್ಲಿ ರೋಗಿ ಕಣ್ಣು ಬಿಟ್ಟರೆ ಕೀರ್ತಿಯೆಲ್ಲ ಕೀಲಿಕೈಗೆ!

ಅಸಲಿಗೆ ಮೆದುಳಿನ ಜೀವಕೋಶಗಳಲ್ಲಿ ವಿದ್ಯುತ್ತು ಅಂಕೆ ತಪ್ಪಿ ಹರಿದಾಗ ಬರುವುದೇ ಫಿಟ್ಸ್. ಸಾಮಾನ್ಯವಾಗಿ ಅದು ತಾನಾಗಿಯೇ ನಿಲ್ಲುತ್ತದೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸುತ್ತಲಿನ ಕಲ್ಲು-ಕಟ್ಟಿಗೆ ಸರಿಸಿ, ಗಾಳಿ ಬಿಟ್ಟರೆ ಸಾಕು. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಐದು ನಿಮಿಷ ಮೀರಿದರೆ, ಇಲ್ಲವೇ ಎಚ್ಚರವಾಗದೆ ಮತ್ತೆ ಬಂದರೆ ಆಸ್ಪತ್ರೆಗೆ ಒಯ್ಯಬೇಕು.

ಇದು ದೆವ್ವವೂ ಅಲ್ಲ, ಮುಟ್ಟಿದರೆ ಅಂಟುವ ರೋಗವೂ ಅಲ್ಲ. ದೊಡ್ಡ ಊರಿನವರಿಗೆ ಮಾತ್ರ ಔಷಧ ಎಂಬ ಮಾತೂ ಸುಳ್ಳು. ನಮ್ಮದೇ ರಾಜ್ಯದ ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಮನೆ ಮನೆ ತಿರುಗಿ ರೋಗಿಗಳನ್ನು ಗುರುತಿಸಿದರು. ಫೆನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ತಪ್ಪದೆ ನುಂಗಿದ ಬಹಳ ಮಂದಿಗೆ ಫಿಟ್ಸ್ ಹತೋಟಿಗೆ ಬಂತು. 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯ ಪತ್ರಿಕೆ ಇದನ್ನು ಪ್ರಕಟಿಸಿತು.

'ತಪ್ಪದೆ' ಎಂಬುದೇ ಮುಖ್ಯ. ಆರು ತಿಂಗಳು ಫಿಟ್ಸ್ ಬರಲಿಲ್ಲವೆಂದು ಗುಳಿಗೆ ಬಿಟ್ಟರೆ ರೋಗ ಮತ್ತೆ ತಲೆ ಎತ್ತುತ್ತದೆ. ಮಗಳ ಮದುವೆ ಮುರಿದೀತೆಂದು ಗುಳಿಗೆ ಮುಚ್ಚಿಡುವ ಮನೆಗಳೂ ಉಂಟು. ಹಿಂದೂ ವಿವಾಹ ಕಾಯ್ದೆಯೇ 1999ರ ತಿದ್ದುಪಡಿಯಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳ ಪಟ್ಟಿಯಿಂದ ಮೂರ್ಛೆರೋಗವನ್ನು ಕೈಬಿಟ್ಟಿದೆ. ಬೀಗರು ಇನ್ನೂ ಬಿಟ್ಟಿಲ್ಲ, ಅಷ್ಟೆ.

ಲಕ್ವಾದ ಲೆಕ್ಕ ಬೇರೆ. ಅಲ್ಲಿ ಕಾಯುವಂತಿಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಬೇಕು. ಮೆದುಳಿನ ರಕ್ತನಾಳದಲ್ಲಿ ಗರಣೆ ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೇ ಕೊಡಬೇಕು. ನಾಳ ಒಡೆದು ರಕ್ತ ಸೋರಿದ್ದರೆ ಕೊಡುವಂತಿಲ್ಲ. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಅಮೀನಗಡದಿಂದ ಬಾಗಲಕೋಟೆಯ ದಾರಿಯೂ ಈ ನಾಲ್ಕೂವರೆ ತಾಸಿನಲ್ಲೇ ಸೇರಿದೆ. ಎಣ್ಣೆ ತಿಕ್ಕಿ, ನಾಟಿ ಔಷಧ ಹುಡುಕಿ, 'ಮುಂಜಾನೆ ನೋಡೋಣ' ಎಂದರೆ ಕೈಕಾಲು ಹೋದ ಹಾಗೆಯೇ.

ಮೆದುಳಿನ ಕಾಯಿಲೆಗಳಿಗೆ ಜಿಲ್ಲಾ ಮಟ್ಟದಲ್ಲೇ ಆರೈಕೆ ಸಿಗಲೆಂದು ರಾಜ್ಯ ಸರಕಾರ 2022ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಜೊತೆ ಯೋಜನೆ ಆರಂಭಿಸಿತು. ಡಾಕ್ಟರರು ಹತ್ತಿರ ಬಂದರೆ ಸಾಲದು, ರೋಗಿಯೂ ಹೊತ್ತಿಗೆ ಸರಿಯಾಗಿ ಮನೆ ಬಿಡಬೇಕು. 108ಕ್ಕೆ ಫೋನ್ ಮಾಡಲು ಪಂಚಾಂಗ ನೋಡಬೇಕಾಗಿಲ್ಲ.