ಹೈಸ್ಕೂಲು ಮೈದಾನದಿಂದ ಕಾಲೇಜು ಹುಡುಗಿಯರ ಫುಟ್‌ಬಾಲಿಗೆ

ಹೈಸ್ಕೂಲಿನಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದ ಪಿ.ಟಿ. ಮಾಸ್ತರರಿಗೆ ಕಾಲೇಜು ಹುಡುಗಿಯರ ಟೀಮು ಸಿಕ್ಕಿತು ಅಂತಿಟ್ಟುಕೊಳ್ಳಿ. ನಾವೆಲ್ಲ "ಪ್ರಮೋಷನ್ ಆಯ್ತಲ್ಲ ಸರ್, ಪೇಡೆ ಎಲ್ಲಿ?" ಅಂತ ಕೇಳಿಬಿಡುತ್ತೇವೆ. ಆದರೆ ಇದು ಏಳನೇ ಇಯತ್ತೆಯಿಂದ ಎಂಟಕ್ಕೆ ಹೋದ ಹಾಗಲ್ಲ. ಆಟ ಅದೇ, ಚೆಂಡೂ ಅದೇ ಐದು ನಂಬರಿನದು. ಕೆಲಸ ಮಾತ್ರ ಬೇರೆ.

ಮೊದಲು ಕಾಗದಪತ್ರದ ಸಂಗತಿ ಹೇಳಿ ಮುಗಿಸುತ್ತೇನೆ, ಕಾಮರ್ಸಿನವಳ ಕಣ್ಣಿಗೆ ಬೀಳುವುದು ಅದೇ. ಹೈಸ್ಕೂಲಿಗೆ ಬಿ.ಪಿ.ಎಡ್. ಸಾಕು. ಕಾಲೇಜಿನ ಕ್ರೀಡಾ ನಿರ್ದೇಶಕರಾಗಬೇಕಾದರೆ ಯು.ಜಿ.ಸಿ.ಯ 2018ರ ನಿಯಮದಂತೆ ಎಂ.ಪಿ.ಎಡ್.ನಲ್ಲಿ 55 ಪರ್ಸೆಂಟ್ ಬೇಕು, ಜೊತೆಗೆ ನೆಟ್, ಸೆಟ್ ಅಥವಾ ಪಿಎಚ್.ಡಿ. ಅಷ್ಟಕ್ಕೇ ಬಿಡುವುದಿಲ್ಲ, ಓಡಿ ತೋರಿಸಬೇಕು: 30 ವರ್ಷದವರೆಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ಫುಟ್‌ಬಾಲಿನವರ ಏಣಿ ಇನ್ನೊಂದು. ಅಲ್ಲಿ ಕೋಚಿಂಗ್ ಲೈಸೆನ್ಸುಗಳು. ಕೆಳಗೆ ಡಿ, ಆಮೇಲೆ ಏಷ್ಯಾ ಒಕ್ಕೂಟದ ಸಿ, ಬಿ, ಎ, ತುತ್ತತುದಿಗೆ ಪ್ರೊ. ಒಂದು ಏಣಿಯ ತುದಿ ಮುಟ್ಟಿದವರು ಇನ್ನೊಂದರ ಲೆಕ್ಕದಲ್ಲಿ ನೆಲದ ಮೇಲೇ ನಿಂತಿರುತ್ತಾರೆ. ಆದ್ದರಿಂದ ಆಟ ಬಲ್ಲ ಎಷ್ಟೋ ಕೋಚುಗಳು ಕಾಲೇಜಿಗೆ ಬರುವುದು ಬರೇ ಮಾನಧನದ ಮೇಲೆ, ಅದೂ ಸೀಸನ್ ಇದ್ದಷ್ಟು ದಿನ.

ನಿಜವಾದ ಕಷ್ಟ ಹುಡುಗಿಯರನ್ನು ಕೂಡಿಸುವುದರಲ್ಲಿದೆ. ಶಾಲೆಯಲ್ಲಿ ಗಂಟೆ ಹೊಡೆದರೆ ಐವತ್ತು ಮಕ್ಕಳು ಮೈದಾನದಲ್ಲಿ. ಮಾಸ್ತರರು ಆರಿಸಿದರೆ ಆಯ್ತು. ಹತ್ತನೆಯದಕ್ಕೆ ಬಂದೊಡನೆ ಹುಡುಗಿಯರ ಬೂಟು ಅಟ್ಟ ಸೇರುತ್ತದೆ. ಆಮೇಲೆ ಹನ್ನೆರಡನೆಯದು, ಟ್ಯೂಷನ್ನು, ಎಫ್.ವೈ.ಗೆ ಬೆಳಗಿನ ಕಾಲೇಜು, ಮಧ್ಯಾಹ್ನ ಎಲ್ಲಾದರೂ ಪಾರ್ಟ್-ಟೈಮ್ ಕೆಲಸ. 2022ರ ಅಕ್ಟೋಬರ್ 30ರಂದು ನಮ್ಮ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್ ನಡೆಯಿತು. ಸ್ಪೇನಿನವರು ಕೊಲಂಬಿಯವನ್ನು 1-0ಯಿಂದ ಸೋಲಿಸಿದರು, ಆ ಒಂದು ಗೋಲೂ ಕೊಲಂಬಿಯದವರು ತಮಗೆ ತಾವೇ ಹೊಡೆದುಕೊಂಡದ್ದು. ಆ ಮೈದಾನದಲ್ಲಿ ಓಡಿದವರ ವಯಸ್ಸು ನೋಡಿ. ಅವರು ದೇಶದ ಅಂಗಿ ತೊಡುವ ವಯಸ್ಸಿನಲ್ಲೇ ಡೊಂಬಿವಲಿ, ಕಲ್ಯಾಣದ ಹುಡುಗಿ ಆಟ ಬಿಡುತ್ತಾಳೆ.

ಹಾಗಾಗಿ ಕಾಲೇಜು ಕೋಚಿನ ಎದುರು ನಿಲ್ಲುವ ಹದಿನಾಲ್ಕು ಮಂದಿಯಲ್ಲಿ ಅರ್ಧದಷ್ಟು ಮಂದಿ ಮೂರು ವರ್ಷ ಓಡಿಯೇ ಇರುವುದಿಲ್ಲ. ಇಬ್ಬರು ಕಬಡ್ಡಿಯವರು. ಒಬ್ಬಳಿಗೆ ಕಾಲಿನ ಚಳಕ ಚೆನ್ನಾಗಿದೆ, ಆದರೆ ಕಲಿತದ್ದೆಲ್ಲ ಬಾಡಿಗೆಯ ಟರ್ಫಿನ ಬಲೆಯೊಳಗೆ, ಐದೈದು ಜನರ ಆಟದಲ್ಲಿ. ಪೂರ್ಣ ಮೈದಾನ ಅಂದರೆ ಕಡಿಮೆಯೆಂದರೂ 90 ಮೀಟರ್ ಉದ್ದ, 45 ನಿಮಿಷದ ಎರಡು ಭಾಗ. ಟರ್ಫಿನಲ್ಲಿ ಗೋಡೆಯಂತೆ ಕಾಪಾಡಿದವಳು ಇಲ್ಲಿ ಬೆನ್ನ ಹಿಂದೆ ಬಿದ್ದ ಚೆಂಡಿಗೆ ಮೂವತ್ತು ಮೀಟರ್ ಓಡಬೇಕು. ಅಂಥ ಮೈದಾನವಾದರೂ ನಮ್ಮಲ್ಲಿ ಎಲ್ಲುಂಟು? ಇದ್ದಲ್ಲಿ ಭಾನುವಾರ ಒಂದರ ಮೇಲೊಂದು ನಾಲ್ಕು ಕ್ರಿಕೆಟ್ ಮ್ಯಾಚು!

ಮೊಣಕಾಲಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಶಾಲೆಯ ಅಭ್ಯಾಸವನ್ನೇ ಇಲ್ಲಿಗೂ ತಂದರೆ ಅಪಾಯ ಇಲ್ಲೇ. ತೊಡೆಯ ಎಲುಬನ್ನೂ ಕೆಳಗಿನದನ್ನೂ ಮೊಣಕಾಲಿನೊಳಗೆ ಹಿಡಿದಿಡುವ ಒಂದು ಕಟ್ಟು ಇದೆ, ಎ.ಸಿ.ಎಲ್. ಅನ್ನುತ್ತಾರೆ. ಇದು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅನೇಕ ಸಲ ಯಾರೂ ಮುಟ್ಟಿಯೇ ಇರುವುದಿಲ್ಲ. ಹಾರಿ ಇಳಿಯುವಾಗ, ಗಕ್ಕನೆ ತಿರುಗುವಾಗ ಮಂಡಿ ಒಳಕ್ಕೆ ವಾಲಿ ಹೋಗಿಬಿಡುತ್ತದೆ. ಆಪರೇಷನ್ನು, ಒಂಬತ್ತು ತಿಂಗಳು ಮನೆ, ಅಲ್ಲಿಗೆ ಕಾಲೇಜಿನ ಮೂರರಲ್ಲಿ ಒಂದು ವರ್ಷ ಹೋಯ್ತು. ಇದಕ್ಕೆ ಫಿಫಾದವರದು '11 ಪ್ಲಸ್' ಅನ್ನುವ ಇಪ್ಪತ್ತು ನಿಮಿಷದ ವಾರ್ಮ್-ಅಪ್ ಉಂಟು: ನಿಧಾನ ಓಟ, ಒಂದೇ ಕಾಲಿನ ಮೇಲೆ ನಿಲ್ಲುವುದು, ಹಾರಿ ಮೆತ್ತಗೆ ಇಳಿಯುವುದು, ಹೀಗೆ ಹದಿನೈದು ಕಸರತ್ತು, ಖರ್ಚಿಲ್ಲ. ನಾರ್ವೆಯಲ್ಲಿ 125 ಕ್ಲಬ್ಬುಗಳ 1892 ಹುಡುಗಿಯರನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಆ ವರದಿಯಂತೆ ಇದನ್ನು ಮಾಡಿದವರಲ್ಲಿ ಒಟ್ಟು ಗಾಯಗಳು ಮೂರನೇ ಒಂದರಷ್ಟು ಕಡಿಮೆ. "ಗ್ರೌಂಡಿಗೆ ಎರಡು ಸುತ್ತು ಹಾಕಿ ಬನ್ನಿ" ಅಂದು ಸೀಟಿ ಊದುವ ಶಾಲೆಯ ಪದ್ಧತಿಗೆ ಇದು ಸಮವಲ್ಲ.

ಮಾತಿನ ಧಾಟಿಯೂ ಬದಲಾಗಬೇಕು. ಶಾಲೆಯಲ್ಲಿ ಮಾಸ್ತರರು ಅಪ್ಪನಿಗೊಂದು ಫೋನು ಮಾಡಿದರೆ ಮುಗೀತು. ಹತ್ತೊಂಬತ್ತರ ಹುಡುಗಿಯನ್ನು ಮೊದಲು ಅವಳನ್ನೇ ಕೇಳಬೇಕು: ಮ್ಯಾಚು ಮುಂಬಯಿಯ ಆ ತುದಿಯಲ್ಲಾದರೆ ವಾಪಸು ಯಾವ ಗಾಡಿ, ಮುಟ್ಟಿನ ದಿನ ಆಡಲು ಆಗುತ್ತದಾ, ಪರೀಕ್ಷೆ ಯಾವತ್ತು. ಇದನ್ನೆಲ್ಲ ಗಂಡಸು ಕೋಚ್ ಕೇಳಲು ಸಂಕೋಚಪಟ್ಟರೆ ಅವಳು ಸುಮ್ಮನೆ ಮರುದಿನದಿಂದ ಬರುವುದಿಲ್ಲ, ಕಾರಣವೂ ಹೇಳುವುದಿಲ್ಲ.

ಅಮೆರಿಕದಲ್ಲಿ 1972ರ ಕಾಯ್ದೆಯೊಂದು ಕಾಲೇಜುಗಳಲ್ಲಿ ಹುಡುಗಿಯರಿಗೂ ಆಟದಲ್ಲಿ ಸಮಾನ ಅವಕಾಶ ಕೊಡಬೇಕೆಂದಿತು. ಹತ್ತು ವರ್ಷದಲ್ಲಿ, 1982ಕ್ಕೆ, ಅವರ ರಾಷ್ಟ್ರೀಯ ಕಾಲೇಜು ಟೂರ್ನಮೆಂಟೇ ಶುರುವಾಯ್ತು. ಕೋಚುಗಳಿಗೆ ಅದು ಪೂರ್ತಿ ಸಂಬಳದ ನೌಕರಿ. ನಮ್ಮಲ್ಲಿ ಅಷ್ಟು ದೂರ ಬಂದಿಲ್ಲ. ಆದರೂ ಗೋವೆಯ ಮೇಮೋಲ್ ರಾಕಿ ದೇಶಕ್ಕಾಗಿ ಆಡಿ, 2017ರಿಂದ 2021ರವರೆಗೆ ರಾಷ್ಟ್ರೀಯ ತಂಡದ ಕೋಚ್ ಆಗಿದ್ದರು. ನಮ್ಮ ಗಡಿನಾಡಿನ ಮಗ್ಗುಲ ಗಡಹಿಂಗ್ಲಜ್ ಕಡೆಯ ಹಳ್ಳಿಯಿಂದ ಬಂದ ಅಂಜು ತುರಂಬೇಕರ್ ಎ ಲೈಸೆನ್ಸಿನವರೆಗೆ ಹತ್ತಿದ್ದಾರೆ. ಡಿ ಲೈಸೆನ್ಸಿನ ಫೀಸು ಎಷ್ಟು ಅಂತ ನಮ್ಮ ಟಿ.ವೈ.ಯ ಗೋಲ್‌ಕೀಪರ್ ಹೋದ ವಾರ ವಿಚಾರಿಸಿಕೊಂಡು ಬಂದಿದ್ದಾಳೆ.