ಜಪಾನಿನ ಒಗ್ಗಟ್ಟು: ನಾವು ನಂಬಿದ್ದು, ನಡೆದದ್ದು

2011ರ ಮಾರ್ಚ್‌ನ ಸುನಾಮಿಯ ಬಳಿಕ, ನೀರಿಗಾಗಿ ನೂಕುನುಗ್ಗಲಿಲ್ಲದೆ ಸಾಲು ನಿಂತ ಜಪಾನೀಯರ ಚಿತ್ರಗಳನ್ನು ಕಂಡು ನಾವೆಲ್ಲ ಬೆರಗಾದೆವು. ಆ ಬೆರಗಿನ ಜತೆಗೇ ಕೆಲವು ತಪ್ಪು ನಂಬಿಕೆಗಳನ್ನೂ ಕಟ್ಟಿಕೊಂಡೆವು.

ತಪ್ಪು ಕಲ್ಪನೆ: ಶಿಸ್ತು, ಒಗ್ಗಟ್ಟು ಜಪಾನೀಯರ ರಕ್ತದಲ್ಲೇ ಇವೆ.

ವಾಸ್ತವ: ರಕ್ತದಲ್ಲಿದ್ದರೆ ಅವು 1923ರಲ್ಲೂ ಜನರನ್ನು ಕಾಯಬೇಕಿತ್ತು. ಆ ಸೆಪ್ಟೆಂಬರ್ 1ರಂದು ಟೋಕಿಯೊ, ಯೊಕೊಹಾಮಾಗಳು ಭೂಕಂಪಕ್ಕೂ ಬೆಂಕಿಗೂ ತುತ್ತಾದಾಗ, ಕೊರಿಯನ್ನರು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿತು. ಕೇರಿಕೇರಿಯಲ್ಲಿ ಕಾವಲು ಪಡೆ ಕಟ್ಟಿಕೊಂಡ ಜನ ಸಾವಿರಾರು ಕೊರಿಯನ್ನರನ್ನು ಕೊಂದರು. ಪೊಲೀಸರೂ ಸೈನಿಕರೂ ಕೈಜೋಡಿಸಿದರು. ನೆರೆಹೊರೆಯ ಒಗ್ಗಟ್ಟು ಅಂದೂ ಇತ್ತು. ಅದು ಹೊರಗಿನವರ ಮೇಲೆ ತಿರುಗಿತ್ತು, ಅಷ್ಟೇ. ಅದೇ ಸೆಪ್ಟೆಂಬರ್ 1ನ್ನು 1960ರಲ್ಲಿ ವಿಪತ್ತು ತಡೆ ದಿನವೆಂದು ಸಾರಲಾಯಿತು. ಪ್ರತಿ ವರ್ಷ ದೇಶದ ಉದ್ದಗಲಕ್ಕೂ ತಾಲೀಮು ನಡೆಯುತ್ತದೆ. ನಾವು ಹುಟ್ಟುಗುಣವೆಂದು ಹೊಗಳುವುದರಲ್ಲಿ ಬಹಳಷ್ಟು ಹೀಗೆ ಕಲಿತದ್ದು.

ತಪ್ಪು ಕಲ್ಪನೆ: ವಿಪತ್ತಿನಲ್ಲೂ ಅಲ್ಲಿ ಯಾರೂ ಕದಿಯುವುದಿಲ್ಲ.

ವಾಸ್ತವ: ಸುನಾಮಿಗೆ ಕೊಚ್ಚಿಹೋದ ಸಾವಿರಾರು ತಿಜೋರಿಗಳನ್ನು ಸಿಕ್ಕವರು ಪೊಲೀಸರಿಗೆ ಒಪ್ಪಿಸಿದ್ದು ನಿಜ. ಅದೇ ಸುನಾಮಿಯಲ್ಲಿ ಹಾನಿಗೊಂಡ ಫುಕುಶಿಮಾ ಅಣುಸ್ಥಾವರದ ಸುತ್ತ ಜನ ಬಿಟ್ಟುಹೋದ ಮನೆಗಳಲ್ಲಿ ಕಳವಾದದ್ದೂ ನಿಜ.

ತಪ್ಪು ಕಲ್ಪನೆ: ಎಂಥ ನೋವನ್ನೂ ಅವರು ತುಟಿಪಿಟಕ್ಕೆನ್ನದೆ ಸಹಿಸುತ್ತಾರೆ.

ವಾಸ್ತವ: ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯ ಹಿಂದೆಯೇ ಗುಡ್ಡವಿತ್ತು. ಆದರೂ 2011ರ ಭೂಕಂಪದ ಬಳಿಕ ಮಕ್ಕಳನ್ನು ಸುಮಾರು 50 ನಿಮಿಷ ಅಂಗಳದಲ್ಲೇ ನಿಲ್ಲಿಸಿಕೊಳ್ಳಲಾಯಿತು. 74 ಮಕ್ಕಳು, 10 ಶಿಕ್ಷಕರು ಸುನಾಮಿಗೆ ಬಲಿಯಾದರು. ಕೆಲವು ಹೆತ್ತವರು ಸುಮ್ಮನಾಗದೆ ನಗರಾಡಳಿತ ಮತ್ತು ಪ್ರಾಂತ್ಯದ ವಿರುದ್ಧ ಮೊಕದ್ದಮೆ ಹೂಡಿದರು. 2019ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಅವರ ಗೆಲುವೇ ಖಾಯಂ ಆಯಿತು. ಮುಂದಿನ ಮಕ್ಕಳನ್ನು ಕಾಯುವುದು ಇಂಥ ಹಟವೇ ಹೊರತು ಮೌನವಲ್ಲ.

ತಪ್ಪು ಕಲ್ಪನೆ: ಆ ಒಗ್ಗಟ್ಟು ಎಂಥ ಹೊಡೆತಕ್ಕೂ ಒಡೆಯದು.

ವಾಸ್ತವ: 1995ರ ಜನವರಿಯಲ್ಲಿ ಭೂಕಂಪಕ್ಕೆ ಕೋಬೆ ನಗರ ಕುಸಿದಾಗ ಅವಶೇಷಗಳಡಿ ಸಿಲುಕಿದವರಲ್ಲಿ ಹೆಚ್ಚಿನವರನ್ನು ಹೊರಗೆಳೆದದ್ದು ಮನೆಯವರು, ಅಕ್ಕಪಕ್ಕದವರು. ಆಮೇಲೆ ತಾತ್ಕಾಲಿಕ ಮನೆಗಳನ್ನು ಲಾಟರಿ ಎತ್ತಿ ಹಂಚಲಾಯಿತು. ವೃದ್ಧರಿಗೆ ಆದ್ಯತೆ ಕೊಟ್ಟದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಒಂದೇ ಕೇರಿಯವರು ದಿಕ್ಕಿಗೊಬ್ಬರಾಗಿ ಚದುರಿದರು. ಪರಿಚಯದ ಮುಖವೇ ಇಲ್ಲದ ಆ ಸಾಲುಮನೆಗಳಲ್ಲಿ ಎಷ್ಟೋ ಮಂದಿ ಒಂಟಿಯಾಗಿ ಸತ್ತರು. ಕೆಲವರು ಸತ್ತದ್ದು ದಿನಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಭೂಕಂಪ ಮುರಿಯದ ನಂಟನ್ನು ಒಂದು ಹಂಚಿಕೆಯ ಕ್ರಮ ಮುರಿದಿತ್ತು. 2004ರಲ್ಲಿ ನೀಗಾಟಾದ ಗುಡ್ಡಗಾಡಿನ ಯಮಾಕೊಶಿಯ ಹಳ್ಳಿಗಳು ಭೂಕಂಪಕ್ಕೆ ಸಿಕ್ಕಾಗ ಅಧಿಕಾರಿಗಳು ಕೋಬೆಯನ್ನು ಮರೆಯಲಿಲ್ಲ. ಒಂದೊಂದು ಹಳ್ಳಿಯವರಿಗೂ ತಾತ್ಕಾಲಿಕ ಮನೆಗಳನ್ನು ಒಟ್ಟೊಟ್ಟಿಗೇ ಕೊಟ್ಟರು.